ಮಡಚಲಾಗದ ಆಟಿಕೆ



ಈ ಲೇಖನವನ್ನು ಬರೆಯುತ್ತಿರುವ ನನ್ನ ಮೇಜಿನ ಮೇಲೆ, ಪ್ರಾರ್ಥನಾ ಪುಸ್ತಕದ ಪಕ್ಕದಲ್ಲಿ, ಕಪ್ಪು ಮುಖದ, ನೀಲಿ ಬೆನ್ನಿನ ಒಂದು ಪ್ಲಾಸ್ಟಿಕ್ ವಸ್ತುವಿದೆ. ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳು. ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಕೆಳಗೆ ಸಿಕ್ಕಿಸುವ ಮರದ ಬೆಣೆಯ ಆಕಾರ. ಮೇಲೊಂದು ಕೆಳಗೊಂದು ಎರಡು ಪರದೆಗಳು, ಇಕ್ಕೆಲಗಳಲ್ಲಿ ಗುಂಡಿಗಳು. ಮೂಲೆಗಳೆಲ್ಲ ಸವೆದಿವೆ. ಧರ್ಮಕೇಂದ್ರದ ಕಚೇರಿಗೆ ಬರುವ ಹಿರಿಯರು ಅದನ್ನು ಕಂಡು ಒಂದು ಕ್ಷಣ ಸುಮ್ಮನಾಗುತ್ತಾರೆ. ಧೈರ್ಯವಿರುವ ಮಕ್ಕಳು ಮಾತ್ರ, "ಫಾದರ್, ನೀವೂ ಗೇಮ್ ಆಡ್ತೀರಾ?" ಎಂದು ಕೇಳಿಬಿಡುತ್ತಾರೆ. ಆ ಪ್ರಶ್ನೆಗೆ ನೇರವಾದ ಉತ್ತರ ಕೊಡಬೇಕಾದರೆ ಹನ್ನೊಂದು ವರ್ಷಗಳಿಗೂ ಹಿಂದಿನ ನನ್ನದೊಂದು ತಪ್ಪನ್ನು ಹೇಳಬೇಕಾಗುತ್ತದೆ. ಅದನ್ನೇ ಇಂದು ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

2014ರ ಬೇಸಿಗೆಯಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿರುವ ನನ್ನ ತಮ್ಮನ ಮನೆಗೆ ಹೋಗಿದ್ದೆ. ನಮ್ಮ ತಾಯಿಯೂ ಆಗ ಅಲ್ಲಿಯೇ ಇದ್ದರು. ತಮ್ಮನ ಮಗನಿಗೆ ಆರು ವರ್ಷ. ನಾನು ಬೂಟು ಬಿಚ್ಚುವ ಮೊದಲೇ ಆ ಹುಡುಗ ಎರಡೂ ಕೈಗಳಲ್ಲಿ ಈ ವಸ್ತುವನ್ನು ಹಿಡಿದು ಓಡಿಬಂದು, "ಫಾದರ್ ದೊಡ್ಡಪ್ಪ, ಇದು ನೋಡ್ತೀರಾ?" ಎಂದು ನನ್ನ ಮುಖದೆದುರು ಎತ್ತಿ ಹಿಡಿದ. ಅದು ನಿಂಟೆಂಡೊ ಸಂಸ್ಥೆಯ '2ಡಿಎಸ್' ಎಂಬ, ಕೈಯಲ್ಲಿ ಹಿಡಿದು ಆಡುವ ವಿಡಿಯೊ ಗೇಮ್ ಯಂತ್ರ. ಹುಟ್ಟುಹಬ್ಬಕ್ಕೆ ಅಪ್ಪ ಕೊಡಿಸಿದ್ದು. ನಾನು ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. "ಇದೇನಪ್ಪಾ, ಸ್ಲೇಟಿನ ಹಾಗಿದೆ! ನಾವು ಸ್ಲೇಟಿನ ಮೇಲೆ ಅಕ್ಷರ ಬರೆಯುತ್ತಿದ್ದೆವು, ನೀನು ಗುಂಡಿ ಒತ್ತುತ್ತೀಯಾ?" ಎಂದು ನಕ್ಕುಬಿಟ್ಟೆ. ತಮಾಷೆ ಎಂದುಕೊಂಡೇ ಆಡಿದ ಮಾತದು. ಹುಡುಗ ಯಂತ್ರವನ್ನು ನಿಧಾನವಾಗಿ ಕೆಳಗಿಳಿಸಿದ.

ಅಂದು ರಾತ್ರಿ ಊಟದ ಮೇಜಿನಲ್ಲಿ ನನ್ನ ಮಾತು ಮುಂದುವರಿಯಿತು. ವಿಡಿಯೊ ಗೇಮುಗಳಿಂದ ಏಕಾಗ್ರತೆ ಹಾಳಾಗುವ ಬಗ್ಗೆ, ಮಕ್ಕಳು ಮಣ್ಣಿನಲ್ಲಿ ಆಡದಿರುವ ಬಗ್ಗೆ, ತಂದೆತಾಯಿಗಳು ಮಕ್ಕಳಿಗೆ ಕೊಡಬೇಕಾದ ಸಮಯದ ಬದಲಿಗೆ ವಸ್ತುಗಳನ್ನು ಕೊಡುವ ಬಗ್ಗೆ ನಾನು ಸಾಕಷ್ಟು ಹೊತ್ತು ಮಾತನಾಡಿದೆ. ತಮ್ಮ ತಲೆ ತಗ್ಗಿಸಿ ಊಟ ಮಾಡಿದ. ಪಾತ್ರೆ ತೆಗೆಯುವಾಗ ನಮ್ಮ ತಾಯಿ ನನ್ನ ಬಳಿ ನಿಂತರು. ನಾನು ಗುರುದೀಕ್ಷೆ ಪಡೆದ ದಿನದಿಂದ ಅವರು ನನ್ನನ್ನು 'ಸ್ವಾಮಿ' ಎಂದೇ ಕರೆಯುತ್ತಿದ್ದರು. "ಸ್ವಾಮಿ, ಮಗು ತೋರಿಸಿದ್ದನ್ನ ಮೊದಲು ನೋಡಿ. ಬುದ್ಧಿ ಆಮೇಲೆ ಹೇಳಬಹುದು" ಎಂದಷ್ಟೇ ಹೇಳಿ ಒಳಗೆ ಹೋದರು. ಮಗನೆಂದು ಗದರಿಸಿದ್ದರೆ ಅಷ್ಟು ನಾಟುತ್ತಿರಲಿಲ್ಲವೇನೋ.

ನಾನಿದ್ದ ಐದು ವಾರಗಳಲ್ಲಿ ಆ ಹುಡುಗ ಆ ಯಂತ್ರವನ್ನು ನನಗೆ ಮತ್ತೆ ತೋರಿಸಲಿಲ್ಲ.

ಓದುಗರೇ, ನಾನು ಯಾವುದನ್ನು ನೋಡದೆಯೇ ತೀರ್ಪು ಕೊಟ್ಟೆನೋ ಅದರ ಕುರಿತು ಅನಂತರ ತಿಳಿದುಕೊಂಡದ್ದನ್ನು ನಿಮಗೆ ಹೇಳಬೇಕು. ಆ ಯಂತ್ರಕ್ಕೊಂದು ಅಣ್ಣನಿದ್ದ. ಅದರ ಹೆಸರು '3ಡಿಎಸ್'. ಅದು 2011ರಲ್ಲಿ ಮಾರುಕಟ್ಟೆಗೆ ಬಂತು. ವಿಶೇಷ ಕನ್ನಡಕವಿಲ್ಲದೆ ಬರಿಗಣ್ಣಿಗೇ ಚಿತ್ರದಲ್ಲಿ ಆಳವನ್ನು ತೋರಿಸುವುದು ಅದರ ಹೆಗ್ಗಳಿಕೆಯಾಗಿತ್ತು. ಅಮೆರಿಕದಲ್ಲಿ ಅದರ ಬೆಲೆ 250 ಡಾಲರ್. ಜನ ಕೊಳ್ಳಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ಬೆಲೆಯನ್ನು 170 ಡಾಲರಿಗೆ ಇಳಿಸಬೇಕಾಯಿತು. ಆಗ ಸಂಸ್ಥೆಯ ಅಧ್ಯಕ್ಷರಾಗಿದ್ದ ಸತೋರು ಇವಾಟ ತಮ್ಮ ಸಂಬಳವನ್ನು ಅರ್ಧಕ್ಕೆ ಕಡಿತ ಮಾಡಿಕೊಂಡರು. ಆ ಮನುಷ್ಯ 2015ರಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಾನೂ ಈಗ ಅದೇ ವಯಸ್ಸಿನಲ್ಲಿರುವುದರಿಂದಲೋ ಏನೋ, ಆ ಸಂಗತಿ ನನ್ನ ಮನಸ್ಸಿನಲ್ಲಿ ಉಳಿದುಕೊಂಡಿದೆ.

ಬೆಲೆ ಇಳಿದರೂ ಒಂದು ತೊಡಕು ಉಳಿದಿತ್ತು. ಆರು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ಕಣ್ಣು ಇನ್ನೂ ಬೆಳೆಯುತ್ತಿರುವುದರಿಂದ, ಅವರು ಆಳದ ಚಿತ್ರಗಳನ್ನು ನೋಡಬಾರದೆಂದು ಸಂಸ್ಥೆಯೇ ಎಚ್ಚರಿಕೆ ನೀಡಿತ್ತು. ಅಂದರೆ ಚಿಕ್ಕ ಮಕ್ಕಳಿಗೆ ಅದರ ಮುಖ್ಯ ಆಕರ್ಷಣೆಯೇ ನಿಷಿದ್ಧ. ಅಲ್ಲದೆ ಅದು ಪೆಟ್ಟಿಗೆಯಂತೆ ಬಿಜಾಗರಿಯ ಮೇಲೆ ತೆರೆದು ಮುಚ್ಚುವ ಯಂತ್ರ. ಮಕ್ಕಳ ಕೈಯಲ್ಲಿ ಮೊದಲು ಮುರಿಯುವುದು ಬಿಜಾಗರಿಯೇ ಎಂಬುದನ್ನು ಶಾಲೆಯ ಕಂಪಾಸ್ ಪೆಟ್ಟಿಗೆ ಕೊಡಿಸಿದ ತಂದೆತಾಯಿಗಳೆಲ್ಲ ಬಲ್ಲರು.

ಹೀಗಿರಲಾಗಿ 2013ರ ಅಕ್ಟೋಬರಿನಲ್ಲಿ 2ಡಿಎಸ್ ಬಂದಿತು. ಅದನ್ನು ಮಾಡಿದವರು ಹೊಸದಾಗಿ ಸೇರಿಸಿದ್ದಕ್ಕಿಂತ ತೆಗೆದುಹಾಕಿದ್ದೇ ಹೆಚ್ಚು. ಆಳದ ಚಿತ್ರವನ್ನು ತೆಗೆದರು. ಬಿಜಾಗರಿಯನ್ನು ತೆಗೆದರು. ಎರಡು ಪರದೆಗಳಂತೆ ಕಾಣುವುದು ವಾಸ್ತವವಾಗಿ ಒಂದೇ ಪರದೆ. ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ ಎರಡು ಕಿಟಕಿಗಳನ್ನು ಬಿಟ್ಟಿದ್ದಾರೆ. ಎರಡು ಧ್ವನಿಪೆಟ್ಟಿಗೆಗಳ ಜಾಗದಲ್ಲಿ ಒಂದೇ ಒಂದು. ಮುಚ್ಚಳವೇ ಇಲ್ಲದ ಮೇಲೆ ಮುಚ್ಚಿ ಮಲಗಿಸುವುದು ಹೇಗೆ? ಅದಕ್ಕೊಂದು ಸರಿಸುವ ಗುಂಡಿ. ಆದರೆ ಅಣ್ಣನಲ್ಲಿ ಆಡಬಹುದಾದ ಆಟಗಳನ್ನೆಲ್ಲ ತಮ್ಮನಲ್ಲೂ ಆಡಬಹುದಿತ್ತು. ಬೆಲೆ 130 ಡಾಲರ್, ಅಂದಿನ ಲೆಕ್ಕದಲ್ಲಿ ಸುಮಾರು ಎಂಟು ಸಾವಿರ ರೂಪಾಯಿ. 2015ರಲ್ಲಿ ಅದು 100 ಡಾಲರಿಗೂ 2016ರಲ್ಲಿ 80 ಡಾಲರಿಗೂ ಇಳಿಯಿತು.

ಅದು ಮೊದಲು ಪ್ರಕಟವಾದಾಗ ದೊಡ್ಡವರು ಬಹಳ ನಕ್ಕರಂತೆ. ಜೇಬಿಗೆ ಹಿಡಿಸದು, ನೋಡಲು ಚೆಂದವಿಲ್ಲ, ಬಾಗಿಲಿಗೆ ಒತ್ತು ಕೊಡುವ ತುಂಡಿನಂತಿದೆ ಎಂದರಂತೆ. ಅವರೆಲ್ಲ ತಮ್ಮ ಜೇಬನ್ನು ನೆನೆದು ಮಾತನಾಡುತ್ತಿದ್ದರು. ಆರು ವರ್ಷದ ಮಗುವಿಗೆ ಜೇಬಿನ ಚಿಂತೆಯಿಲ್ಲ. ಅದರ ಅಂಗೈ ಸಣ್ಣದು, ಬೆರಳು ಮೋಟು. ಅದು ಎರಡೂ ಕೈಗಳಿಂದ ತಬ್ಬಿ ಹಿಡಿಯುತ್ತದೆ, ಮತ್ತು ಖಂಡಿತವಾಗಿ ಬೀಳಿಸುತ್ತದೆ. ತಮ್ಮನ ಮಗ ಇದನ್ನು ಮಹಡಿಯ ಮೆಟ್ಟಿಲುಗಳಿಂದ ಬೀಳಿಸಿದ್ದನ್ನು ನಾನೇ ಕಂಡಿದ್ದೇನೆ. ಎತ್ತಿಕೊಂಡು ಒರೆಸಿ ಮತ್ತೆ ಆಡಲು ಕುಳಿತ. ಮಗುವಿನ ಎತ್ತರಕ್ಕೆ ಬಗ್ಗಿ ನೋಡಿದವರು ಮಾತ್ರ ಇಂಥ ವಸ್ತುವನ್ನು ಮಾಡಬಲ್ಲರು ಎಂದು ಈಗ ನನಗನ್ನಿಸುತ್ತದೆ. ಲಾಭಕ್ಕಾಗಿಯೇ ಬಗ್ಗಿದರು, ನಿಜ. ಆದರೂ ಬಗ್ಗಿದರು. ಮಕ್ಕಳ ಮೇಲಿನ ಪ್ರೀತಿಯಿಂದಲೇ ಮಾತನಾಡುತ್ತಿದ್ದೇನೆಂದು ನಂಬಿದ್ದ ನಾನು ನೆಟ್ಟಗೆ ನಿಂತೇ ಇದ್ದೆ.

ಕಡಿಮೆಯಲ್ಲಿ ಹೆಚ್ಚನ್ನು ಕಾಣುವ ಈ ಬಗೆ ಆ ಮನೆತನಕ್ಕೆ ಹೊಸದಲ್ಲ. 1889ರಲ್ಲಿ ಜಪಾನಿನ ಕ್ಯೋಟೊ ನಗರದಲ್ಲಿ ಹೂವಿನ ಚಿತ್ರಗಳ ಇಸ್ಪೀಟು ಎಲೆಗಳನ್ನು ಮಾಡುವ ಅಂಗಡಿಯಾಗಿ ಆರಂಭವಾದ ಸಂಸ್ಥೆಯದು. ಅಲ್ಲಿ ಗುನ್ಪೆ ಯೊಕೊಯಿ ಎಂಬ ತಂತ್ರಜ್ಞರಿದ್ದರು. ರೈಲಿನಲ್ಲಿ ಬೇಸರಗೊಂಡ ನೌಕರನೊಬ್ಬ ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಾ ಕಾಲ ಕಳೆಯುತ್ತಿದ್ದುದನ್ನು ಕಂಡು ಅವರಿಗೆ ಅಂಗೈ ಆಟದ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. 1980ರಲ್ಲಿ ಅದು ಅಗ್ಗದ ಪರದೆಯ ಪುಟ್ಟ ಆಟಿಕೆಯಾಗಿ ಹೊರಬಂತು. ಹೊಚ್ಚಹೊಸ ತಂತ್ರಜ್ಞಾನದ ಹಿಂದೆ ಓಡದೆ, ಹಳತಾಗಿ ಅಗ್ಗವಾಗಿ ಎಲ್ಲರಿಗೂ ಪರಿಚಿತವಾದ ತಂತ್ರಜ್ಞಾನವನ್ನೇ ಹೊಸ ರೀತಿಯಲ್ಲಿ ಬಳಸಬೇಕೆಂಬುದು ಅವರ ನಂಬಿಕೆ. 1989ರಲ್ಲಿ ಬಂದ ಅವರ 'ಗೇಮ್ ಬಾಯ್' ಯಂತ್ರಕ್ಕೆ ಬಣ್ಣದ ಪರದೆಯೇ ಇರಲಿಲ್ಲ. ಬಣ್ಣದ ಪರದೆಯಿದ್ದ ಪ್ರತಿಸ್ಪರ್ಧಿ ಯಂತ್ರಗಳು ಆರು ಬ್ಯಾಟರಿಗಳನ್ನು ನಾಲ್ಕೈದು ತಾಸುಗಳಲ್ಲಿ ನುಂಗಿಬಿಡುತ್ತಿದ್ದವು. ಗೇಮ್ ಬಾಯ್ ನಾಲ್ಕೇ ಬ್ಯಾಟರಿಗಳಲ್ಲಿ ಹತ್ತು ತಾಸಿಗೂ ಮೀರಿ ನಡೆಯುತ್ತಿತ್ತು. ಬ್ಯಾಟರಿ ಕೊಳ್ಳುವುದು ಮಗುವಿನ ಕೈಖರ್ಚಿನ ಕಾಸಿನಿಂದ ಎಂಬುದನ್ನು ಅವರು ಮರೆತಿರಲಿಲ್ಲ. ಅದೂ ಅದರ ಬಣ್ಣದ ತಮ್ಮನೂ ಸೇರಿ 11 ಕೋಟಿಗೂ ಹೆಚ್ಚು ಮಾರಾಟವಾದವು.

ಆ ಗೇಮ್ ಬಾಯ್‌ನ ದೂರದ ನೆರಳೊಂದು ನಮ್ಮೂರುಗಳಿಗೂ ಬಂದಿತ್ತು. ಜಾತ್ರೆ, ಹಬ್ಬಗಳ ಅಂಗಡಿಗಳಲ್ಲಿ 'ಬ್ರಿಕ್ ಗೇಮ್' ಎಂಬ ಹೆಸರಿನಲ್ಲಿ ಮಾರುತ್ತಿದ್ದ, ಮೇಲಿನಿಂದ ಇಟ್ಟಿಗೆಗಳು ಬೀಳುವ ಆಟಿಕೆಯನ್ನು ನಿಮ್ಮಲ್ಲಿ ಹಲವರು ಕಂಡಿರುತ್ತೀರಿ. ಡಬ್ಬಿಯ ಮೇಲೆ 9999 ಆಟಗಳೆಂದು ಬರೆದಿರುತ್ತಿತ್ತು. ಒಳಗಿರುತ್ತಿದ್ದುದು ಬೆರಳೆಣಿಕೆಯ ಆಟಗಳು. 2001ರಲ್ಲಿ ನಾನು ಬೋರ್ಡಿಂಗ್ ಒಂದರಲ್ಲಿ ಹುಡುಗರ ಮೇಲ್ವಿಚಾರಕನಾಗಿದ್ದೆ. ಗುರುಮಠದಿಂದ ಹೊರಬಂದು ಹೆಚ್ಚು ಕಾಲವಾಗಿರಲಿಲ್ಲ. ಶಿಸ್ತೆಂದರೆ ಕಿತ್ತುಕೊಳ್ಳುವುದೆಂದು ತಿಳಿದಿದ್ದ ಕಾಲ. ಸೆಪ್ಟೆಂಬರ್ 8ರ ಶಿವಾಜಿನಗರದ ಮಾತೆಯ ಹಬ್ಬಕ್ಕೆ ಹೋಗಿಬಂದ ಏಳನೆಯ ತರಗತಿಯ ಹುಡುಗನೊಬ್ಬನ ದಿಂಬಿನ ಕೆಳಗೆ ಅಂಥದೊಂದು ಸಿಕ್ಕಿತು. ಅದನ್ನು ಕಿತ್ತುಕೊಂಡು ಕಪಾಟಿನಲ್ಲಿಟ್ಟು, ದೊಡ್ಡ ರಜೆಗೆ ಹಿಂತಿರುಗಿಸುತ್ತೇನೆಂದೆ. ಆ ಹುಡುಗ ಕ್ರಿಸ್ಮಸ್ ರಜೆಗೆ ಮನೆಗೆ ಹೋದವನು ಮರಳಿ ಬರಲಿಲ್ಲ. ತಂದೆ ತೀರಿಕೊಂಡು ಮನೆಯವರು ಬೇರೆ ಊರಿಗೆ ಹೋದರೆಂದು ಆಮೇಲೆ ತಿಳಿಯಿತು. ಅದನ್ನು ಕೊಡಿಸಿದ್ದವರು ಆ ತಂದೆಯೇ. ವರ್ಗಾವಣೆಯಾಗಿ ಹೊರಡುವ ದಿನ ಕಪಾಟು ಖಾಲಿ ಮಾಡುವಾಗ ಅದು ಕೈಗೆ ಸಿಕ್ಕಿತು. ಬ್ಯಾಟರಿ ಸೋರಿ ಒಳಗೆಲ್ಲ ಹಸಿರುಗಟ್ಟಿತ್ತು.

ಹಾಗೆಂದು ಆಟದ ಯಂತ್ರಗಳ ವಕಾಲತ್ತು ವಹಿಸಲು ನಾನು ಕುಳಿತಿಲ್ಲ. 2ಡಿಎಸ್‌ನ ಕುಂದುಗಳನ್ನೂ ಹೇಳಬೇಕು. ಮುಚ್ಚಳವಿಲ್ಲದ ಕಾರಣ ಪರದೆಯ ಮೇಲೆ ಗೀರು ಬೀಳುತ್ತದೆ. ನನ್ನ ಮುಂದಿರುವುದರ ಮೇಲೆ ಎಣಿಸಲಾಗದಷ್ಟಿವೆ. ಹೊಸ ಆಟಗಳನ್ನು ಆಡಿದರೆ ಬ್ಯಾಟರಿ ಮೂರೂವರೆಯಿಂದ ಐದೂವರೆ ತಾಸು ಮಾತ್ರ ಬಾಳುತ್ತದೆ. ಯಂತ್ರ ಅಗ್ಗವೆಂದರೂ ಆಟಗಳು ಅಗ್ಗವಲ್ಲ. ಒಂದೊಂದು ಹೊಸ ಆಟಕ್ಕೂ 30ರಿಂದ 40 ಡಾಲರ್ ತೆರಬೇಕಿತ್ತು. ಮೂರು ಆಟ ಕೊಂಡರೆ ಯಂತ್ರದ ಬೆಲೆಯಷ್ಟಾಗುತ್ತದೆ. ಬಡ ತಂದೆಯ ಪಾಲಿಗೆ ಬಾಗಿಲು ಅಗ್ಗ, ಮನೆ ದುಬಾರಿ. ಮೇಲಾಗಿ ಎಷ್ಟೇ ಗಟ್ಟಿಯಾಗಿ ಮಾಡಿದರೂ ಇಂಥ ವಸ್ತುಗಳ ಆಯುಸ್ಸು ಮಾಡಿದವರ ಕೈಯಲ್ಲಿರುತ್ತದೆ. 2020ರಲ್ಲಿ ಈ ಕುಟುಂಬದ ಯಂತ್ರಗಳ ತಯಾರಿಕೆ ನಿಂತಿತು. 2023ರ ಮಾರ್ಚಿನಲ್ಲಿ ಅಂತರಜಾಲದ ಮೂಲಕ ಆಟ ಕೊಳ್ಳುವ ಅಂಗಡಿ ಮುಚ್ಚಿತು. 2024ರ ಏಪ್ರಿಲಿನಲ್ಲಿ ದೂರದವರೊಡನೆ ಕೂಡಿ ಆಡುವ ಸೌಲಭ್ಯವೂ ಕೊನೆಗೊಂಡಿತು.

ಆದರೂ ಇಂದು ನಮ್ಮ ಮಕ್ಕಳ ಕೈಗೆ ಏನು ಕೊಟ್ಟಿದ್ದೇವೆ ಎಂಬುದನ್ನು ಯೋಚಿಸಿ. ಊಟ ಮಾಡಲು ಹಟ ಹಿಡಿದರೆ ಅಪ್ಪನ ಮೊಬೈಲು, ಬಲಿಪೂಜೆಯ ಹೊತ್ತಿನಲ್ಲಿ ಅತ್ತರೆ ಅಮ್ಮನ ಮೊಬೈಲು. ಅದರಲ್ಲಿ 'ಉಚಿತ'ವೆಂದು ಸಿಗುವ ಎಷ್ಟೋ ಆಟಗಳು ನಡುನಡುವೆ ಜಾಹೀರಾತು ತೋರಿಸುತ್ತವೆ, ಮುಂದೆ ಹೋಗಲು ಹಣ ಕೇಳುತ್ತವೆ. ಒಂದು ವಿಡಿಯೊ ಮುಗಿಯುವ ಮೊದಲೇ ಇನ್ನೊಂದು ಕಾದಿರುತ್ತದೆ. ಅದು ದೊಡ್ಡವರಿಗಾಗಿ ಮಾಡಿದ ವಸ್ತು. ಮಗುವಿಗೆ ಸಿಕ್ಕಿರುವುದು ನಮ್ಮ ಅನುಕೂಲಕ್ಕೆ. ಒಮ್ಮೆ ಹಣ ಕೊಟ್ಟು ತಂದ ಆಟ, ಹಗಲಿಗೆ ಇಷ್ಟೇ ಹೊತ್ತು ಎಂಬ ಮಿತಿ, ಪಕ್ಕದಲ್ಲಿ ಕುಳಿತು "ಆಮೇಲೇನಾಯಿತು?" ಎಂದು ಕೇಳುವ ಒಬ್ಬ ಹಿರಿಯರು, ಇವು ಮೂರೂ ಇರುವ ಮನೆಯಲ್ಲಿ ಇಂಥ ಆಟಿಕೆಗೆ ನಾನೀಗ ಹೆದರುವುದಿಲ್ಲ. ಮೂರನೆಯದಿಲ್ಲದಿದ್ದರೆ ಚದುರಂಗದ ಮಣೆಯೂ ಮಗುವನ್ನು ಒಂಟಿಯಾಗಿಸೀತು.

ಆ ಮೂರನೆಯದನ್ನು ನ್ಯೂಜೆರ್ಸಿಯ ಮನೆಯಲ್ಲಿ ಮಾಡಿದವರು ನಮ್ಮ ತಾಯಿ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವರು, ಇಂಗ್ಲಿಷ್ ಬಾರದವರು. ಮಧ್ಯಾಹ್ನ ಸೋಫಾದ ಮೇಲೆ ಮೊಮ್ಮಗನ ಪಕ್ಕ ಕುಳಿತು, ಕನ್ನಡಕ ಸರಿಪಡಿಸಿಕೊಂಡು ಆ ಪುಟ್ಟ ಪರದೆಯನ್ನು ನೋಡುತ್ತಿದ್ದರು. ಹುಡುಗ ಆಡುತ್ತಿದ್ದುದು 'ಅನಿಮಲ್ ಕ್ರಾಸಿಂಗ್' ಎಂಬ ಆಟ. ಅದರಲ್ಲಿ ಯುದ್ಧವಿಲ್ಲ, ಗೆಲುವಿಲ್ಲ. ಒಂದು ಊರಿದೆ; ಮನುಷ್ಯರಂತೆ ಮಾತನಾಡುವ ಪ್ರಾಣಿಗಳು ನೆರೆಹೊರೆಯವರು. ಹಣ್ಣಿನ ಗಿಡ ನೆಡಬೇಕು, ಹೂವಿಗೆ ನೀರು ಹಾಕಬೇಕು, ಮೀನು ಹಿಡಿದು ಮಾರಿ ಮನೆಯ ಸಾಲ ತೀರಿಸಬೇಕು. ಯಂತ್ರದ ಗಡಿಯಾರದಲ್ಲಿ ಬೆಳಗಾದರೆ ಆ ಊರಿನಲ್ಲೂ ಬೆಳಗು. ಕೆಲವು ದಿನ ಹೋಗದಿದ್ದರೆ ಊರೆಲ್ಲ ಕಳೆ ಬೆಳೆಯುತ್ತದೆ. ತಾಯಿಗೆ ಅದು ಪೂರ್ತಿಯಾಗಿ ಅರ್ಥವಾಯಿತು. "ಗಿಡ ಅಷ್ಟು ಹತ್ತಿರ ನೆಡಬೇಡ ಮಗಾ, ಬೇರು ಬಿಡೋಕೆ ಜಾಗ ಬೇಕು" ಎಂದು ಹೇಳುತ್ತಿದ್ದುದು ಪಕ್ಕದ ಕೋಣೆಯಲ್ಲಿ ಓದುತ್ತಿದ್ದ ನನಗೂ ಕೇಳುತ್ತಿತ್ತು. ಏನೋ ಮುಪ್ಪಿನ ಹುಚ್ಚು ಎಂದುಕೊಂಡು ಪುಸ್ತಕದ ಹಾಳೆ ತಿರುವಿದೆ.

2021ರ ಮೇ ತಿಂಗಳಿನಲ್ಲಿ, ಕೊರೋನಾದ ಎರಡನೆಯ ಅಲೆಯಲ್ಲಿ, ತಾಯಿ ತೀರಿಕೊಂಡರು. ತಮ್ಮನ ಕುಟುಂಬಕ್ಕೆ ಬರಲಾಗಲಿಲ್ಲ. ಸಮಾಧಿಯ ಬಳಿ ಇದ್ದವರು ಆರೇ ಮಂದಿ. ಅವರಲ್ಲೊಬ್ಬರು ಮೊಬೈಲ್ ಎತ್ತಿ ಹಿಡಿದು ಅಲ್ಲಿಯವರಿಗೆ ತೋರಿಸಿದರು. ಅವರು ಊರಿಗೆ ಬರಲು ಸಾಧ್ಯವಾದದ್ದು 2024ರ ಡಿಸೆಂಬರಿನಲ್ಲಿ. ಹುಡುಗನಿಗೆ ಹದಿನಾರು ವರ್ಷ, ನನಗಿಂತ ಎತ್ತರ. ಸಮಾಧಿಗೆ ಹೋಗಿಬಂದ ಸಂಜೆ ಅವನು ನನ್ನ ಕೋಣೆಯ ಬಾಗಿಲಲ್ಲಿ ನಿಂತ. ಕೈಯಲ್ಲಿ ಅದೇ ನೀಲಿ ಯಂತ್ರ. "ಫಾದರ್ ದೊಡ್ಡಪ್ಪ, ಒಂದು ತೋರಿಸಲಾ?" ಎಂದ. ಹತ್ತು ವರ್ಷಗಳ ಅನಂತರ ಅದೇ ಪ್ರಶ್ನೆ.

ಈ ಬಾರಿ ನಾನು ಎರಡೂ ಕೈಗಳನ್ನು ಚಾಚಿ ಅದನ್ನು ತೆಗೆದುಕೊಂಡೆ.

ಆ ಯಂತ್ರದಲ್ಲಿ ಧ್ವನಿಯನ್ನು ಮುದ್ರಿಸಿಕೊಳ್ಳುವ ಒಂದು ಸಣ್ಣ ಸೌಲಭ್ಯವಿದೆ. ಒಮ್ಮೆಗೆ ಹತ್ತು ಸೆಕೆಂಡು ಮಾತ್ರ. ಮಕ್ಕಳು ತಮ್ಮ ದನಿಯನ್ನು ಇಲಿಯ ದನಿಯಂತೆ ಬದಲಿಸಿ ನಗಲೆಂದು ಇಟ್ಟಿದ್ದು. ಹುಡುಗ ಗುಂಡಿ ಒತ್ತಿದ. ಆ ಒಂಟಿ ಧ್ವನಿಪೆಟ್ಟಿಗೆಯಿಂದ ಮೊದಲು ಗೊರಗೊರ ಸದ್ದು. ಅನಂತರ ನಮ್ಮ ತಾಯಿ. "ಏನಂತ ಮಾತಾಡಲೋ ಮಗಾ? ಇದಕ್ಕೆ ಕೇಳ್ಸುತ್ತಾ? ಊಟ ಆಯ್ತಾ ಅಂತ ಕೇಳಲಾ?" ಎಂದು ಹೇಳಿ ನಕ್ಕರು. ಆ ನಗುವಿನ ಹಿಂದೆ, ದೂರದಲ್ಲಿ, ಗಂಡಸಿನ ದನಿಯೊಂದು ಯಾರಿಗೋ ಹೇಳುತ್ತಿತ್ತು: "ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ..." ಅಲ್ಲಿಗೆ ಹತ್ತು ಸೆಕೆಂಡು ಮುಗಿಯಿತು.

ಅದು ನನ್ನ ದನಿ.

ನಮ್ಮ ತಾಯಿಯ ಭಾವಚಿತ್ರಗಳು ಹಲವಿವೆ. ಅವರ ದನಿ ಮಾತ್ರ ಬೇರೆಲ್ಲೂ ಉಳಿದಿಲ್ಲ. ಮೂವತ್ತು ವರ್ಷ ಪೀಠದ ಮೇಲೆ ನಿಂತು ಮಾತನಾಡಿದ ನನಗೆ ಅವರನ್ನು ಒಮ್ಮೆ ಮಾತನಾಡಿಸಿ ಮುದ್ರಿಸಿಕೊಳ್ಳಬೇಕೆಂದು ಹೊಳೆದಿರಲಿಲ್ಲ. ಆರು ವರ್ಷದ ಮಗುವಿಗೆ, ಎಂಟು ಸಾವಿರ ರೂಪಾಯಿಯ ಆಟಿಕೆಯಿಂದ, ಅದು ಸಾಧ್ಯವಾಗಿತ್ತು. ಹುಡುಗ ನನ್ನ ಮುಖವನ್ನು ನೋಡಿದ. "ಆ ದನಿ ನಿಮ್ದು ಅಂತ ನಂಗೆ ಯಾವಾಗ್ಲೂ ಗೊತ್ತಿತ್ತು" ಎಂದು ನಕ್ಕ. ಅವನ ನಗುವಿನಲ್ಲಿ ದೂರಿರಲಿಲ್ಲ. ನಾನು ಅವನ ಕ್ಷಮೆ ಕೇಳಿದೆ. ಯಾವುದಕ್ಕೆಂದು ಅವನಿಗೆ ಸರಿಯಾಗಿ ಅರ್ಥವಾಗಲಿಲ್ಲ. ಆದರೂ "ಪರವಾಗಿಲ್ಲ ದೊಡ್ಡಪ್ಪ" ಎಂದ. ಆಮೇಲೆ ನನ್ನ ಮಂಚದ ಮೇಲೆ ಕುಳಿತು, ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಒಂದು ತಾಸು ಕಲಿಸಿದ. ನಾನು ದಡ್ಡ ವಿದ್ಯಾರ್ಥಿ. ಅವನು ಒಮ್ಮೆಯೂ ಬೇಸರಪಡಲಿಲ್ಲ.

ಹೊರಡುವಾಗ ಯಂತ್ರವನ್ನು ನನ್ನ ಬಳಿಯೇ ಬಿಟ್ಟುಹೋದ. ಅಮೆರಿಕದ ಚಾರ್ಜರು 120 ವೋಲ್ಟಿನದು, ನಮ್ಮ ವಿದ್ಯುತ್ತಿಗೆ ಆಗದು. ಹಾಗಾಗಿ ಬೇರೊಂದು ತಂತಿಯನ್ನು ಹುಡುಕಿ ತಂದಿದ್ದ. ಹತ್ತು ವರ್ಷ ಯಾರೂ ಹೋಗದ ಆ ಪುಟ್ಟ ಊರಿನಲ್ಲಿ ಕಳೆ ಎಲ್ಲೆಡೆ ಬೆಳೆದಿತ್ತು. ಅಜ್ಜಿ ಹೇಳಿದಂತೆ ಅಂತರ ಬಿಟ್ಟು ನೆಟ್ಟ ಹಣ್ಣಿನ ಮರಗಳು ಮಾತ್ರ ಸಾಲಾಗಿ ನಿಂತಿದ್ದವು. ಈಗ ರಾತ್ರಿಯ ಊಟ, ಪ್ರಾರ್ಥನೆಗಳು ಮುಗಿದ ಮೇಲೆ ಹದಿನೈದು ನಿಮಿಷ ಕುಳಿತು ನಾನು ಅಲ್ಲಿಯ ಕಳೆ ಕೀಳುತ್ತೇನೆ. ಯಂತ್ರದ ಗಡಿಯಾರ ಇನ್ನೂ ನ್ಯೂಜೆರ್ಸಿಯ ಸಮಯವನ್ನೇ ತೋರಿಸುತ್ತದೆ. ನಮ್ಮಲ್ಲಿ ರಾತ್ರಿಯಾದಾಗ ಆ ಊರಿನಲ್ಲಿ ಬೆಳಗಿನ ಬಿಸಿಲು. ಅದನ್ನು ಬದಲಿಸುವುದು ಹೇಗೆಂದು ಹುಡುಗ ಹೇಳಿಕೊಟ್ಟಿದ್ದಾನೆ, ನಾನು ಬದಲಿಸಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯ ಮಗು ಇಂದು ಸಂಜೆ ಏನನ್ನೋ ಎತ್ತಿ ಹಿಡಿದು "ಇದು ನೋಡ್ತೀರಾ?" ಎಂದು ಕೇಳಬಹುದು. ಅದು ನಿಮಗೆ ಇಷ್ಟವಾಗಬೇಕಿಲ್ಲ. ಹೇಳಬೇಕಾದ ಬುದ್ಧಿಮಾತು ನಿಮ್ಮಲ್ಲಿ ಇದ್ದೀತು. ಅದಕ್ಕೆ ನಾಳೆಯೂ ಸಮಯವಿದೆ. ಬೂಟು ಬಿಚ್ಚಿ, ಕೆಳಗೆ ಕುಳಿತು, ಮೊದಲು ನೋಡಿ.